ಮೇಜಿನ ಕೆಳಗಿನ ಕೈ

ಫೆಬ್ರವರಿ ೯

ಪ್ರೀತಿಯ ಅಕ್ಕನಿಗೆ,

ನಿನ್ನ ಚಿನಕುರಳಿಯ ನಮಸ್ಕಾರ. ಬರೆದ ಪತ್ರಗಳಿಗೆ ಉತ್ತರವಿಲ್ಲವೆಂದು ನೀನು ಮುಖ ಊದಿಸಿಕೊಂಡು ಕೂತಿರುತ್ತೀ, ನನಗೆ ಗೊತ್ತು. ಬೈಯುವುದನ್ನೆಲ್ಲ ಮೊದಲು ಬೈದು ಮುಗಿಸು, ಆಮೇಲೆ ಓದು. ಪುರುಸೊತ್ತೇ ಆಗಲಿಲ್ಲ ಅಂದರೆ ನೀನು ನಂಬುವವಳಲ್ಲ. "ಮಕ್ಕಳಿಲ್ಲ ಮರಿಯಿಲ್ಲ, ಇಬ್ಬರಿಗೆ ಬೇಯಿಸಿ ಹಾಕೋಳಿಗೆ ಅದೇನೇ ಅಷ್ಟು ಕೆಲಸ?" ಅಂತಲೇ ಅನ್ನುತ್ತೀ. ಬೇಯಿಸುವುದನ್ನೇ ಬಿಟ್ಟಿದ್ದೇನೆ, ಅಕ್ಕಾ! ನಮ್ಮನೆ ಒಲೆ ಈಗ ಹೊತ್ತುವುದು ಬೆಳಗಿನ ಕಾಫಿಗೆ ಮಾತ್ರ. ಊಟವೆಲ್ಲ ಹೊರಗೆ, ಬಿಳಿ ಬಟ್ಟೆ ಹಾಸಿದ ಮೇಜುಗಳ ಮುಂದೆ, ಇವರ ಪಕ್ಕದಲ್ಲಿ.

ಹೌದು, ಇವರ ಪಕ್ಕದಲ್ಲೇ. ಮೂಗಿನ ಮೇಲೆ ಬೆರಳಿಟ್ಟುಕೊಂಡೆ ತಾನೆ? ಮದುವೆಯಾದಾಗಿನಿಂದ ಈ ಮಹಾರಾಯರು ಒಮ್ಮೆಯಾದರೂ ನನ್ನನ್ನು ಹೋಟೆಲಿಗೆ ಕರೆದುಕೊಂಡು ಹೋದದ್ದುಂಟೆ? ಪತ್ರಿಕೆಯಲ್ಲಿ ಪ್ರತಿ ಭಾನುವಾರ ಹೋಟೆಲುಗಳ ಬಗ್ಗೆ ಬರೆಯುವ ಗಂಡ. ಬಾಗಿಲಲ್ಲಿ ನಿಂತೇ ಒಳಗಿನ ಎಣ್ಣೆ ಇವತ್ತಿನದೋ ನಿನ್ನೆಯದೋ ಹೇಳಬಲ್ಲ ಮೂಗು. "ಮೂಗುಸಾಹೇಬ್ರು ಬಂದ್ರು" ಎಂದರೆ ಊರಿನ ಅಡುಗೆಯವರೆಲ್ಲ ಸೌಟು ಕೆಳಗಿಟ್ಟು ಕೈ ಒರೆಸಿಕೊಳ್ಳುತ್ತಾರೆ. ಅಂಥವರ ಹೆಂಡತಿ ಮನೆಯಲ್ಲಿ ಒಬ್ಬಳೇ ಕೂತು ಉಳಿದದ್ದನ್ನು ಬಿಸಿ ಮಾಡಿಕೊಂಡು ತಿನ್ನುತ್ತಿದ್ದಳು. "ಆಫೀಸಿಗೆ ಹೋಗೋನು ಹೆಂಡ್ತೀನ ಕರ್ಕೊಂಡು ಹೋಗ್ತಾನೇನೆ?" ಎಂದು ಕೇಳುತ್ತಿದ್ದರು. ಮನೆಗೆ ಬಂದರೆ "ನಾಲಿಗೆ ದಣಿದಿದೆ" ಎಂದು ಒಂದು ಲೋಟ ಹಾಲು ಕುಡಿದು ಮಲಗಿಬಿಡುತ್ತಿದ್ದರು. ಮಾತಾಡುವುದಕ್ಕೂ ಅದೇ ನಾಲಿಗೆ ತಾನೆ, ಅದಕ್ಕೂ ದಣಿವು.

ಈಗ ಯಾಕೆ ಬದಲಾಯಿತು ಅಂತ ಹೇಳುತ್ತೇನೆ, ಆದರೆ ಭಾವನ ಕಿವಿಗೂ ಹಾಕಬೇಡ. ನಿನ್ನ ಹೊಟ್ಟೆಯಲ್ಲೇ ಇರಲಿ. ಒಂದು ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮನೆಯೆಲ್ಲ ಹೊಗೆ. ಓಡಿ ಬಂದು ನೋಡಿದರೆ ಹಾಲು ಉಕ್ಕಿ, ಬತ್ತಿ, ಪಾತ್ರೆಯ ತಳ ಕರಿ ಹಿಡಿದು ಕೂತಿದೆ. ಇವರು ಒಲೆಗೆ ಬೆನ್ನು ಮಾಡಿಕೊಂಡು ಅಲ್ಲೇ ಕುರ್ಚಿಯಲ್ಲಿ ಪೇಪರು ಓದುತ್ತಿದ್ದಾರೆ! "ಏನ್ರೀ ಇದು, ವಾಸನೆ ಬರ್ಲಿಲ್ವಾ?" ಎಂದು ಕೂಗಿದೆ. ತಲೆ ಎತ್ತಿ ನನ್ನನ್ನೇ ನೋಡಿದರು. ಆಮೇಲೆ ಮೆಲ್ಲಗೆ, "ಯಾವ ವಾಸನೇನೂ ಬರಲ್ಲ ಕಣೇ. ಚಳಿಗಾಲದ ನೆಗಡಿ ಅಂದ್ಕೊಂಡಿದ್ದೆ. ನೆಗಡಿ ಹೋಯ್ತು, ಮೂಗು ವಾಪಸ್ ಬರ್ಲಿಲ್ಲ" ಅಂದರು. ಉಪ್ಪು, ಹುಳಿ, ಸಿಹಿ ನಾಲಿಗೆಗೆ ತಿಳಿಯುತ್ತದಂತೆ. ಅದಕ್ಕಿಂತ ಆಚೆಗೆ ಏನೂ ಇಲ್ಲವಂತೆ. ಬೆಣ್ಣೆಯೂ ಒಂದೇ, ಮೇಣವೂ ಒಂದೇ. ಇಷ್ಟು ದಿನ ಹಳೆಯ ನೆನಪಿನ ಮೇಲೆ ಅಂಕಣ ಬರೆದು ಸಾಗಿಸಿದ್ದಾರೆ, ಪಾಪ.

ಆವತ್ತಿನಿಂದ ನಾನೇ ಅವರ ಮೂಗು. ಜೊತೆಗೆ ಹೋಗುತ್ತೇನೆ, ಒಂದೇ ತಟ್ಟೆಯಿಂದ ಇಬ್ಬರೂ ತಿನ್ನುತ್ತೇವೆ. ಮೇಜಿನ ಕೆಳಗೆ ನನ್ನ ಕೈ ಅವರ ಕೈಯಲ್ಲಿರುತ್ತದೆ. ಹಳಸಿದ್ದರೆ ಚಿವುಟುತ್ತೇನೆ. ಸೀದಿದ್ದರೆ ಉಗುರಿನಿಂದ ಒಂದು ಗೀರು. ಘಮಘಮ ಎನ್ನುವ ಹಾಗಿದ್ದರೆ ಅಂಗೈ ಸವರುತ್ತೇನೆ. ಅದಕ್ಕೆ ತಕ್ಕ ಹಾಗೆ ಇವರು ಹುಬ್ಬು ಗಂಟಿಕ್ಕುವುದೋ ತಲೆದೂಗುವುದೋ ಮಾಡುತ್ತಾರೆ. ಬಡಿಸುವವರೆಲ್ಲ ನಮ್ಮನ್ನು ನೋಡಿ ಮುಸಿಮುಸಿ ನಗುತ್ತಾರೆ. ಮೊನ್ನೆ ಒಬ್ಬಳು, "ಈ ವಯಸ್ಸಲ್ಲೂ ಕೈ ಹಿಡ್ಕೊಂಡೇ ಊಟ ಮಾಡ್ತೀರಲ್ಲ, ನೋಡೋಕೇ ಖುಷಿ" ಅಂದಳು. ನಾನು ಕೆಂಪಾದೆ. ಇವರು ಕೈ ಬಿಡಲಿಲ್ಲ.

ಮನೆಗೆ ಬಂದ ಮೇಲೆ ಕಾಗದ ಹಿಡಿದು ಕೂರುತ್ತಾರೆ. "ಹೇಳು, ಆ ಅಣಬೆ ಸೂಪು ಬಾಯಿಗಿಟ್ಟಾಗ ಏನು ನೆನಪಾಯ್ತು?" "ಒದ್ದೆ ಮಣ್ಣು," ಅನ್ನುತ್ತೇನೆ. "ಅಷ್ಟೇನಾ?" "ಒದ್ದೆ ಮಣ್ಣಲ್ಲಿ ಯಾರೋ ಬೆಣ್ಣೆ ಚೆಲ್ಲಿದ ಹಾಗೆ." ಬರೆದುಕೊಳ್ಳುತ್ತಾರೆ! ಸಂಪಾದಕರು ಫೋನು ಮಾಡಿ, ಅಂಕಣಕ್ಕೆ ಈಗ ಹೊಸ ಜೀವ ಬಂದಿದೆ ಅಂದರಂತೆ. ನನ್ನ ಮಾತು ಅವರ ಹೆಸರಲ್ಲಿ ಅಚ್ಚಾಗುತ್ತದಲ್ಲ ಎಂದು ನೀನು ಮೂಗು ಮುರಿಯಬೇಡ. ನನಗೆ ಹಾಲು ಕುಡಿದಷ್ಟು ಸಂತೋಷವಾಗಿದೆ. ಹಳೇ ಗೋದಾಮಿನಲ್ಲಿ ಮಾಡಿರುವ ಹೋಟೆಲು, ಗಾಜಿನ ಮಹಡಿಯ ಹೋಟೆಲು, ಹದಿನಾರು ಬಗೆಯ ಬ್ರೆಡ್ಡು ಮಾಡುವ ಬೇಕರಿ, ಎಲ್ಲ ನೋಡಿದೆ. ಹಸಿರು ಬಣ್ಣದ ಉದ್ದ ಕೋಟು ಕೊಂಡಿದ್ದೇನೆ. ನೋಡಿದರೆ ನೀನೇ ಗುರುತು ಹಿಡಿಯಲಾರೆ. ಡಾಕ್ಟರಿಗೆ ತೋರಿಸೋಣ ಅಂದೆ. "ಈ ಊರಲ್ಲಿ ನನ್ನ ಅಂಕಣ ಓದದ ಡಾಕ್ಟ್ರು ಯಾರಿದ್ದಾರೆ? ನಾಳೆಯೇ ಊರೆಲ್ಲ ಗುಲ್ಲು" ಅಂದರು. ಅದೂ ಸರಿಯೇ ಅನ್ನಿಸಿತು.

ಭಾವನಿಗೆ ನಮಸ್ಕಾರ, ಮಗಳಿಗೆ ಮುತ್ತು.

ನಿನ್ನ
ಚಿನಕುರಳಿ

ಏಪ್ರಿಲ್ ೨೭

ಪ್ರೀತಿಯ ಅಕ್ಕನಿಗೆ,

ಮತ್ತೆ ತಡವಾಯಿತು, ತಪ್ಪಾಯಿತು, ಕಿವಿ ಹಿಡಿದುಕೊಂಡಿದ್ದೇನೆ. ಇದನ್ನು ಸಮುದ್ರ ಕಾಣುವ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕಿಟಕಿ ತೆಗೆದರೆ ಕಾಗದ ಹಾರುತ್ತದೆ, ಮುಚ್ಚಿದರೆ ಸೆಕೆ. ಸಂಪಾದಕರು ಇವರಿಗೆ ಪ್ರವಾಸದ ಪುಟವನ್ನೂ ಕೊಟ್ಟಿದ್ದಾರೆ. ಹಾಗಾಗಿ ತಿಂಗಳಿಡೀ ನಾವು ಮನೆಯಲ್ಲಿಲ್ಲ. ಬೆಟ್ಟದ ಮೇಲಿನ ಹೋಟೆಲಿನಿಂದ ಸರೋವರದ ಪಕ್ಕದ ಹೋಟೆಲಿಗೆ, ಅಲ್ಲಿಂದ ಇಲ್ಲಿಗೆ. ರೈಲಿನಲ್ಲಿ ಮಲಗಿ ಏಳುವುದು, ಬಿಳಿ ಟವೆಲಿನಲ್ಲಿ ಮುಖ ಒರೆಸಿಕೊಳ್ಳುವುದು, ಇನ್ಯಾರೋ ಹಾಸಿದ ಹಾಸಿಗೆಯನ್ನು ಕೆಡಿಸಿ ಎದ್ದು ಹೋಗುವುದು. ಎಂಥ ಸುಖ ಗೊತ್ತೆ! ಹಾಸಿಗೆ ಮಡಿಸದೆ ಎದ್ದು ಬರುವುದು ಮಹಾಪಾಪ ಎಂದು ನಮಗೆ ಕಲಿಸಿದ ಅಮ್ಮ ಈಗಿದ್ದಿದ್ದರೆ ಸರಿಯಾಗಿ ನಾಲ್ಕು ಕೊಡುತ್ತಿದ್ದಳು.

ಇವರಂತೂ ಬೇರೆಯೇ ಮನುಷ್ಯ ಆಗಿಬಿಟ್ಟಿದ್ದಾರೆ. ಹಳದಿ ಕೋಟು ಕೊಂಡಿದ್ದಾರೆ, ಅಕ್ಕಾ, ಹಳದಿ! ಬೂದು ಬಣ್ಣ ಬಿಟ್ಟು ಬೇರೆಯದನ್ನು ಮುಟ್ಟದಿದ್ದ ಮನುಷ್ಯ. ರೈಲಿನಲ್ಲಿ ಎದುರು ಕೂತವರ ಹತ್ತಿರ ಮಾತು, ಲಿಫ್ಟಿನಲ್ಲಿ ಮಾತು, ಚಪ್ಪಲಿ ಅಂಗಡಿಯವಳ ಹತ್ತಿರ ಮಾತು. ಮೊನ್ನೆ ಹೋಟೆಲಿನಲ್ಲಿ ಬ್ಯಾಂಡಿನವರು ನುಡಿಸುತ್ತಿದ್ದಾಗ ನನ್ನ ಸೊಂಟಕ್ಕೆ ಕೈ ಹಾಕಿ ಎಬ್ಬಿಸಿ ಕುಣಿಸಿಯೇ ಬಿಟ್ಟರು. ನಾನು "ಬಿಡ್ರೀ, ಜನ ನೋಡ್ತಾರೆ" ಅಂದರೆ "ನೋಡ್ಲಿ ಅಂತಾನೇ ಕುಣಿಯೋದು" ಅಂದರು. ನೀನು ಹೋದ ಪತ್ರದಲ್ಲಿ ಬರೆದಿದ್ದೆಯಲ್ಲ, "ಅರವತ್ತಕ್ಕೆ ಅರಳು ಮರಳು" ಎಂದು. ಅರವತ್ತಕ್ಕೆ ಇನ್ನೂ ಬಾಕಿ ಇದೆ ಕಣೇ, ಹೊಟ್ಟೆಕಿಚ್ಚು ಪಡಬೇಡ!

ಆದರೂ ನಿನ್ನಿಂದ ಮುಚ್ಚಿಡುವುದೇನು, ಒಂದೆರಡು ಸಂಗತಿಗಳಿಂದ ನನಗೆ ಎದೆ ಧಸಕ್ಕೆಂದಿತು. ಇಲ್ಲಿಗೆ ಬಂದ ದಿನ ಸಮುದ್ರದ ದಂಡೆಯಲ್ಲಿ ನಡೆಯುತ್ತಿದ್ದೆವು. ಇವರು ಮಾತಾಡುತ್ತಲೇ ನೀರಿಗೆ ಇಳಿದರು. ಬೂಟು ಕಾಲಲ್ಲೇ ಇದೆ, ಹೊಸ ಹಳದಿ ಕೋಟು ಮೈಮೇಲೆ ಇದೆ. ನೀರು ಮೊಣಕಾಲು ದಾಟಿತು. "ರೀ, ಎಲ್ಲಿಗ್ರೀ?" ಎಂದು ಕೂಗಿದೆ. ತಿರುಗಿ ನನ್ನ ಕಡೆ ನೋಡಿ ನಕ್ಕರು, ಮತ್ತೆ ಮುಂದಕ್ಕೆ ಹೋದರು. ನಾನೂ ಕೋಟು ಎತ್ತಿಕೊಂಡು ಇಳಿದು ತೋಳು ಹಿಡಿದು ಎಳೆದ ಮೇಲೇ ಬಂದದ್ದು. "ಏನಾಗಿತ್ತು ನಿಮಗೆ?" ಅಂದರೆ, "ಏನಾಗಿತ್ತು? ನಡೀತಿದ್ದೆ" ಅಂದರು. ನಾನು ನಕ್ಕೆ. ದಡದಲ್ಲಿದ್ದವರೂ ನಕ್ಕರು. ಕೋಣೆಗೆ ಬಂದು ಅವರ ಸಾಕ್ಸು ಹಿಂಡಿ ಕಿಟಕಿಗೆ ಒಣಹಾಕಿದೆ.

ಬೆಳಿಗ್ಗೆ ಎದ್ದರೆ ತಲೆನೋವು ಅನ್ನುತ್ತಾರೆ. ಮಾತ್ರೆ ನುಂಗಿ, ಹತ್ತು ಗಂಟೆಯ ಹೊತ್ತಿಗೆ ಸರಿಹೋಗುತ್ತಾರೆ. ಮೇಜಿನ ಮೇಲಿನ ಗ್ಲಾಸು ಆಗಾಗ ಕೈ ತಾಕಿ ಉರುಳುತ್ತದೆ, ಯಾವಾಗಲೂ ಎಡಗಡೆ ಇಟ್ಟದ್ದೇ. ನಿನ್ನೆ ಸೂಪು ತರಿಸಿ ಕುಡಿದು, ಬಟ್ಟಲು ತೆಗೆದುಕೊಂಡು ಹೋದವನನ್ನೇ ಕರೆದು "ನಮ್ಮ ಸೂಪು ಎಲ್ಲಪ್ಪಾ?" ಎಂದು ಕೇಳಿದರು. ಅವನು ನನ್ನ ಮುಖ ನೋಡಿದ. "ತಮಾಷೆ ಮಾಡ್ತಾರೆ" ಅಂದೆ.

ಕೆಟಲಿನ ವಯರು ಸುಟ್ಟು ಕೋಣೆಯೆಲ್ಲ ರಬ್ಬರಿನ ಗಬ್ಬು ಹರಡಿದಾಗಲೂ ಪಕ್ಕದಲ್ಲೇ ಕೂತು ಶೂ ಪಾಲಿಶ್ ಮಾಡುತ್ತಿದ್ದರು. ಅದಕ್ಕಾದರೆ ಮೂಗಿಲ್ಲ, ಒಪ್ಪೋಣ. ಆದರೆ ಕಿಡಿ ಹಾರುವುದು ಕಣ್ಣಿಗೂ ಬೀಳಲಿಲ್ಲವೇ?

"ಮೊದಲು ಡಾಕ್ಟರಿಗೆ ತೋರಿಸು, ಕುಣಿಯೋದು ಆಮೇಲೆ" ಎಂದು ನೀನು ಬರೆದದ್ದನ್ನು ಓದಿ ನನಗೆ ಸಿಟ್ಟು ಬಂತು. ಯಾಕೆ ಬಂತು ಅಂತ ರೈಲಿನಲ್ಲಿ ಕೂತು ಯೋಚಿಸಿದೆ. ನಿನ್ನ ಹತ್ತಿರ ಸುಳ್ಳು ಹೇಳಲಾರೆ. ಮೂಗು ವಾಸಿಯಾಗಿಬಿಟ್ಟರೆ ಇವರು ಮತ್ತೆ ಬೂದು ಕೋಟು ಹಾಕಿಕೊಂಡು ಒಬ್ಬರೇ ಹೊರಟುಬಿಡುತ್ತಾರೆ, ನಾನು ಮತ್ತೆ ನಿನ್ನೆಯದನ್ನು ಬಿಸಿ ಮಾಡಿಕೊಂಡು ಕೂರಬೇಕು. ಛೀ, ಎಂಥ ಮಾತು ಬರೆದೆ! ತಮಾಷೆಗೆ ಬರೆದದ್ದು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಇವರು ಕೆಳಗಿನಿಂದ ಕೂಗುತ್ತಿದ್ದಾರೆ, ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರಂತೆ. ನನಗೆ ದೋಣಿಯೆಂದರೆ ಹೆದರಿಕೆ ಅಂತ ಅವರಿಗೆ ಗೊತ್ತಿತ್ತು. ಮರೆತಿದ್ದಾರೆ.

ನಿನ್ನ
ಚಿನಕುರಳಿ

ಜುಲೈ ೧೪

ಅಕ್ಕಾ,

ಕುಶಲ ಗಿಶಲ ಎಲ್ಲ ಇರಲಿ, ನಿನಗೆ ಇದನ್ನು ಬರೆಯದೆ ನನಗೆ ಉಸಿರಾಡಲು ಆಗುತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಇವರು ಕೋಣೆ ಬಿಟ್ಟು ಕದಲುವುದಿಲ್ಲ.

ಶನಿವಾರ ಮಧ್ಯಾಹ್ನ ಹೊಸ ಹೋಟೆಲೊಂದಕ್ಕೆ ಕರೆದಿದ್ದರು. ಎತ್ತರದ ಕಟ್ಟಡದ ಕೊನೆಯ ಮಹಡಿ, ಸುತ್ತ ಗಾಜು, ಕೆಳಗೆ ಊರೆಲ್ಲ ಬೆಂಕಿಪೊಟ್ಟಣದ ಹಾಗೆ ಕಾಣುತ್ತದೆ. ನಮ್ಮ ಮೇಜಿನಲ್ಲಿ ಸಂಪಾದಕರು ಮತ್ತು ಅವರ ಹೆಂಡತಿ. ಹೋಟೆಲಿನ ಒಡತಿ ತಾನೇ ಬಂದು ಬಡಿಸಿದಳು. ಇವರ ಹಳೆಯ ಪರಿಚಯ, ಒಳ್ಳೆಯ ಹೆಂಗಸು. ನಾನು ಹಸಿರು ಕೋಟು ಹಾಕಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು ಜಂಭದಿಂದ ಕೂತಿದ್ದೆ.

ಮೀನು ಬಂತು. ಮೇಲೆ ನಿಂಬೆ ಚೂರು, ಎಲೆ, ನೋಡಲು ಚಿತ್ರದ ಹಾಗಿದೆ. ಬಾಯಿಯ ಹತ್ತಿರ ತಂದೆ, ಅಷ್ಟೇ. ಕೆಟ್ಟ ಮೀನು, ಅಕ್ಕಾ. ಸಾಸಿನಲ್ಲಿ ಮುಚ್ಚಿದರೂ ಮುಚ್ಚದಂಥ ವಾಸನೆ. ಮೇಜಿನ ಕೆಳಗೆ ಇವರ ಕೈ ಚಿವುಟಿದೆ. ಇವರು ತಿನ್ನುತ್ತಲೇ ಇದ್ದಾರೆ. ಇನ್ನೊಮ್ಮೆ ಚಿವುಟಿದೆ. "ಅಹಾ, ಅಹಾ" ಎಂದು ತಲೆದೂಗುತ್ತಿದ್ದಾರೆ! ಮರೆತರೋ, ತಿಳಿಯಲೇ ಇಲ್ಲವೋ. ನನಗೆ ಜೀವ ಬಾಯಿಗೆ ಬಂತು. ಉಗುರು ನಾಟುವ ಹಾಗೆ ಒತ್ತಿ ಹಿಡಿದೆ.

ಆಗ ಕೈಯನ್ನು ಮೇಲಕ್ಕೆತ್ತಿ ಎಲ್ಲರಿಗೂ ತೋರಿಸಿದರು. "ಯಾಕೇ ಹಿಂಗೆ ಚಿವುಟ್ತೀಯಾ? ಹಳಸಿದೆ ಅಂತ ಬಾಯಲ್ಲೇ ಹೇಳ್ಬಾರ್ದಾ? ನನಗೆ ಮೂಗಿಲ್ಲ ಅಂತ ಇವ್ರಿಗೂ ಗೊತ್ತಾಗ್ಲಿ ಬಿಡು, ಏನೀಗ?" ಎಂದು ಗಹಗಹಿಸಿ ನಕ್ಕರು. ಸಂಪಾದಕರ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಒಡತಿ ಬಿಳಿಚಿಕೊಂಡಳು. "ಕ್ಷಮಿಸಿ ಸಾರ್, ಈ ವಾರ ನಾನು ಅಡುಗೆಮನೆ ಕಡೆ ಸರಿಯಾಗಿ ನೋಡ್ಕೊಂಡಿಲ್ಲ. ಸೋಮವಾರ ನಮ್ಮಮ್ಮ ತೀರ್ಕೊಂಡ್ರು" ಅಂದಳು. ಇವರು ಅದಕ್ಕೂ ನಕ್ಕರು. ಅಕ್ಕಾ, ಅದಕ್ಕೂ ನಕ್ಕರು! ನಗುತ್ತಲೇ ಕೈ ಚಾಚಿ ಸಂಪಾದಕರ ಹೆಂಡತಿಯ ತಟ್ಟೆಯಲ್ಲಿದ್ದ ಮೀನನ್ನು ಬೆರಳಲ್ಲೇ ಎತ್ತಿ ಬಾಯಿಗೆ ಹಾಕಿಕೊಂಡರು. ಸತ್ತವರ ಮನೆಯಲ್ಲಿ ದನಿ ಏರಿಸಿ ಮಾತಾಡದ ಮನುಷ್ಯ, ಊಟದ ಮೇಜಿನಲ್ಲಿ ಮೊಣಕೈ ಊರಿದರೆ ಗದರುತ್ತಿದ್ದ ಮನುಷ್ಯ.

ಇವರನ್ನು ಎಬ್ಬಿಸಿಕೊಂಡು ಹೊರಟೆ. ಲಿಫ್ಟಿನವರೆಗೆ ಸಂಪಾದಕರು ಬಂದರು. "ಕುಡಿದಿದ್ದಾರಾ?" ಎಂದು ನನ್ನನ್ನು ಮೆಲ್ಲಗೆ ಕೇಳಿದರು. ಕುಡಿದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಇವರು ಹೊರಗೆ ಬರುವಾಗ ಗಾಜಿನ ಬಾಗಿಲಿನ ಚೌಕಟ್ಟಿಗೆ ಎಡ ಭುಜ ಬಡಿದುಕೊಂಡರು. ಬಾಗಿಲನ್ನೇ ಬೈದರು.

ಮಾರನೆಯ ಬೆಳಿಗ್ಗೆ ಹಾಸಿಗೆ ಒದ್ದೆಯಾಗಿತ್ತು. ಇನ್ನು ನಿನಗೆ ಹೇಗೆ ಬರೆಯಲಿ? ನಾನು ನಾಚಿಕೆಯಿಂದ ಸತ್ತೆ. ಇವರಿಗೆ ಏನೂ ಅನ್ನಿಸಲಿಲ್ಲ. ಅದರಲ್ಲೇ ಎದ್ದು ಕೂತು, "ಇವತ್ತು ಎಲ್ಲಿ ಊಟ?" ಎಂದು ಕೇಳಿದರು. ಆಗ ನನ್ನ ಕಾಲ ಕೆಳಗಿನ ನೆಲ ಕುಸಿಯಿತು. ಇದು ಮೂಗಿನ ಮಾತಲ್ಲ, ಯಾವತ್ತೂ ಮೂಗಿನ ಮಾತಾಗಿರಲಿಲ್ಲ. ಇವರ ಒಳಗೆ ಯಾವುದೋ ಒಂದು ಕೂತು ಇವರನ್ನು ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತಿದೆ, ನಾನು ಪಕ್ಕದಲ್ಲಿ ಕೈ ಹಿಡಿದು ಕೂತು ನಗುತ್ತಿದ್ದೇನೆ.

ಕೂಡಲೇ ಡಾಕ್ಟರ ಬಳಿ ಕರೆದುಕೊಂಡು ಹೋದೆ. ನರರೋಗದ ಡಾಕ್ಟರು, ನಿನ್ನ ಮಗಳ ವಯಸ್ಸಿನ ಹುಡುಗಿ. ಕಾಫಿಪುಡಿ, ಸಾಬೂನು, ಕಿತ್ತಳೆ ಸಿಪ್ಪೆ ಮೂಗಿಗೆ ಹಿಡಿದಳು. ಇವರು ಮೂರಕ್ಕೂ "ಗುಲಾಬಿ" ಎಂದು ಹೇಳಿ ನಕ್ಕರು. ಕಣ್ಣಿಗೆ ಬೆಳಕು ಬಿಟ್ಟು ನೋಡಿದಳು. "ಮೂಗು ಹೋದ ಕೂಡಲೇ ಯಾಕೆ ಕರ್ಕೊಂಡು ಬರ್ಲಿಲ್ಲ ಅಮ್ಮಾ?" ಎಂದು ಕೇಳಿದಳು. ಗದರಿಕೆಯಿಲ್ಲ, ಸುಮ್ಮನೆ ಕೇಳಿದಳು. ನಾಳೆ ತಲೆಯ ಸ್ಕ್ಯಾನಿಂಗ್. ನೀನು ಬರುತ್ತೀಯಾ? ಬಾ, ಅಕ್ಕಾ. ನಾನು ಒಬ್ಬಳೇ ಇದ್ದೇನೆ. ಇವರು ಪಕ್ಕದಲ್ಲೇ ಇದ್ದಾರೆ, ಆದರೂ ನಾನು ಒಬ್ಬಳೇ.

ನಿನ್ನ ತಂಗಿ

ಸೆಪ್ಟೆಂಬರ್ ೩೦

ಪ್ರೀತಿಯ ಅಕ್ಕನಿಗೆ,

ನೀನು ಹೋದಮೇಲೆ ಮನೆ ಬಿಕೋ ಅನ್ನುತ್ತಿದೆ. ನೀನು ತಲುಪಿದ ಸುದ್ದಿ ಬಂದಿತ್ತು, ಉತ್ತರಕ್ಕೆ ತಡ ಮಾಡಿದೆ, ಮನ್ನಿಸು. ಈ ಬಾರಿ ಹೊರಗೆ ತಿರುಗಾಡಿ ಅಲ್ಲ, ಮನೆಯಲ್ಲೇ ಕೂತು ತಡವಾಯಿತು. ಆಪರೇಷನ್ನಿನ ದಿನ ಹೊರಗಿನ ಬೆಂಚಿನಲ್ಲಿ ನೀನು ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತದ್ದನ್ನು ಈ ಜನ್ಮದಲ್ಲಿ ಮರೆಯಲಾರೆ. ಭಾವ ನಿನ್ನನ್ನು ಅಷ್ಟು ದಿನ ಬಿಟ್ಟುಕೊಟ್ಟದ್ದಕ್ಕೆ ಅವರಿಗೂ ಋಣಿ.

ಇವರ ಸುದ್ದಿ ಹೇಳುತ್ತೇನೆ. ಗಾಯ ಮಾಗಿದೆ. ಕೂದಲು ಬೆಳೆಯುತ್ತಿದೆ, ಬೆಳ್ಳಗೆ. ಮೊನ್ನೆ ತಪಾಸಣೆಗೆ ಹೋದಾಗ ಡಾಕ್ಟರು ಹೊಸ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದಳು. ಮೂಗಿನ ಮೇಲ್ಗಡೆ, ಹಣೆಯ ಹಿಂದೆ, ನಿಂಬೆಹಣ್ಣಿನಷ್ಟು ದೊಡ್ಡದಾಗಿ ಕೂತಿದ್ದ ಗಡ್ಡೆ ಇದ್ದ ಜಾಗ ಈಗ ಖಾಲಿ. "ಕೆಟ್ಟ ಜಾತಿಯ ಗಡ್ಡೆ ಅಲ್ಲ, ನಿಮ್ಮ ಪುಣ್ಯ. ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದಿದೆ" ಎಂದು ಮತ್ತೊಮ್ಮೆ ಹೇಳಿದಳು. ಮೂಗು ಇನ್ನು ಬರುವುದಿಲ್ಲ. ಎಡಗಣ್ಣು ಹೋದದ್ದು ಹೋಯಿತು. ಚಳಿಗಾಲದಲ್ಲೇ ಬಂದಿದ್ದರೆ ಕಣ್ಣು ಉಳಿಯುತ್ತಿತ್ತೇ ಎಂದು ನಾನು ಕೇಳಿದೆ. "ಉಳೀತಿತ್ತೇನೋ" ಅಂದಳು. ನನ್ನ ಮುಖ ನೋಡಿ, "ಪ್ರಾಣ ಉಳೀತಲ್ಲ ಅಮ್ಮಾ" ಎಂದು ಸೇರಿಸಿದಳು. ಹೌದು, ಪ್ರಾಣ ಉಳಿಯಿತು. ನಾನು ಕೃತಘ್ನಳಲ್ಲ. ಬೆಳಿಗ್ಗೆ ಎದ್ದು ಇವರ ಉಸಿರಾಟ ಕೇಳಿಸಿಕೊಂಡ ಮೇಲೇ ನೆಲಕ್ಕೆ ಕಾಲಿಡುತ್ತೇನೆ.

ಅಂಕಣಕ್ಕೆ ಬೇರೆ ಯಾರನ್ನೋ ಹಾಕಿದ್ದಾರೆ. ಸಂಪಾದಕರು ಹಣ್ಣಿನ ಬುಟ್ಟಿ ಹಿಡಿದು ಬಂದಿದ್ದರು. "ಆರಾಮಾಗಿ ನೆನಪಿನ ಲೇಖನ ಏನಾದ್ರೂ ಬರೀರಿ" ಅಂದರು. ಇವರು "ನೋಡೋಣ" ಅಂದರು, ಅಷ್ಟೇ. ಹೋಟೆಲಿನ ಒಡತಿಗೆ ಇವರೇ ಕೂತು ಕ್ಷಮಾಪಣೆ ಬರೆದು ಕಳಿಸಿದ್ದಾರೆ. ಎರಡೇ ಸಾಲು, ತುಂಬ ಅಚ್ಚುಕಟ್ಟಾಗಿ. ಮನೆಯಲ್ಲಿ ಸದ್ದಿಲ್ಲ. ಊಟಕ್ಕೆ ಕರೆದರೆ ಬಂದು ಕೂರುತ್ತಾರೆ, ತಲೆ ತಗ್ಗಿಸಿ ತಿನ್ನುತ್ತಾರೆ, ತಟ್ಟೆಯನ್ನು ತಾವೇ ತೊಳೆದಿಡುತ್ತಾರೆ. "ಸಾಕಾ? ಬೇಕಾ?" ಅಂದರೆ "ಸಾಕು". ತೀರಾ ಮೊದಲಿನ ಹಾಗೆ. "ನಿಮ್ಮ ಯಜಮಾನ್ರು ಪೂರ್ತಿ ವಾಪಸ್ ಬಂದ್ರು" ಎಂದು ಡಾಕ್ಟರಿಗೆ ಬಹಳ ಸಂತೋಷ. ಆ ಹುಡುಗಿ ಚೆನ್ನಾಗಿರಲಿ, ಅವಳ ಕೈ ತಣ್ಣಗಿರಲಿ.

ನಾನು ಒಲೆ ಹೊತ್ತಿಸಿದ್ದೇನೆ. ದಿನವೂ ಅಡುಗೆ ಮಾಡುತ್ತೇನೆ. ಮೊನ್ನೆ ಒಬ್ಬಳೇ ಆ ಬೇಕರಿಯ ತನಕ ಹೋದೆ. ಬಾಗಿಲಲ್ಲಿ ನಿಂತೆ, ಬ್ರೆಡ್ಡಿನ ಘಮಕ್ಕೆ ಕಣ್ಣಲ್ಲಿ ನೀರು ಬಂತು, ತಿರುಗಿ ಬಂದೆ.

ಮಗಳಿಗೆ ಕೆಲಸ ಸಿಕ್ಕಿತೆಂದು ಬರೆದಿದ್ದೀ. ಚಿಕ್ಕಮ್ಮನ ಆಶೀರ್ವಾದ ಸದಾ ಇದೆಯೆಂದು ಹೇಳು. ಒಳ್ಳೆಯ ಜಾಗಗಳನ್ನು ನೋಡಲಿ, ಒಳ್ಳೆಯ ಬಟ್ಟೆ ಉಡಲಿ, ಬಿಸಿಬಿಸಿ ಇದ್ದಾಗಲೇ ತಿನ್ನಲಿ, ಯಾರು ಕರೆದುಕೊಂಡು ಹೋಗುತ್ತಾರೆಂದು ಕಾಯುತ್ತ ಕೂರದಿರಲಿ. ಭಾವನಿಗೆ ನಮಸ್ಕಾರ. ನಿನ್ನ ಮಂಡಿನೋವಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ. ನೀನು ನೂರು ವರ್ಷ ಬಾಳು. ನನ್ನನ್ನು ಬೈಯಲು ಒಬ್ಬರಾದರೂ ಬೇಕಲ್ಲ.

ನಿನ್ನ
ಚಿನಕುರಳಿ

ಇನ್ನೊಂದು ಮಾತು: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಆಪರೇಷನ್ನಿಗೆ ಮೊದಲು ಡಾಕ್ಟರು ನನ್ನೊಬ್ಬಳನ್ನೇ ಕೂರಿಸಿಕೊಂಡು ಕೇಳಿದ್ದಳು, ಇವರ ಸ್ವಭಾವ ಯಾವಾಗಿನಿಂದ ಬದಲಾಯಿತು, ಏನೇನು ಬದಲಾಯಿತು ಎಂದು. ಹೇಳಿದೆ. ಜೋರಾಗಿ ನಗುತ್ತಾರೆ, ಕುಣಿಯುತ್ತಾರೆ, ಸುತ್ತಾಡೋಣ ಅನ್ನುತ್ತಾರೆ, ನನ್ನ ಕೈ ಹಿಡಿಯುತ್ತಾರೆ. ಎಲ್ಲಕ್ಕೂ "ಹೂಂ, ಹೂಂ" ಎಂದು ತಲೆಯಾಡಿಸಿದಳು, ಎಲ್ಲವೂ ಗಡ್ಡೆಯ ಲಕ್ಷಣವೇ ಎಂಬಂತೆ. "ಕೈ ಹಿಡಿಯೋದೂ ಕಾಯಿಲೇನೇನಮ್ಮಾ?" ಎಂದು ಕೇಳಿದೆ. ಒಳ್ಳೆಯ ಹುಡುಗಿ, "ಅದನ್ನ ಹೇಳೋಕಾಗಲ್ಲ" ಅಂದಳು. ಆಮೇಲೆ ಸಹಿ ಮಾಡಲು ಪೆನ್ನು ಕೊಟ್ಟಳು. ಮಾಡಿದೆ. ಯಾರನ್ನು ಉಳಿಸಿಕೊಳ್ಳಲು ಮಾಡಿದೆ, ಯಾರನ್ನು ಕಳುಹಿಸಿಬಿಡಲು ಮಾಡಿದೆ, ಇವತ್ತಿಗೂ ತಿಳಿದಿಲ್ಲ ಅಕ್ಕಾ.

ನಾಚಿಕೆಯಿಂದ ನಿನಗೂ ಬರೆಯದ ಒಂದು ಮಾತಿದೆ. ಏಪ್ರಿಲಿನಲ್ಲಿ ರೈಲಿನಲ್ಲಿ ಬರುವಾಗ ನಾನು ಕಿಟಕಿಯ ಕಡೆ ನೋಡುತ್ತ ಕೂತಿದ್ದೆ. ಇವರು ನನ್ನ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡು, "ಇಷ್ಟು ವರ್ಷ ನಿನ್ನ ಸರಿಯಾಗಿ ನೋಡ್ಲೇ ಇಲ್ವಲ್ಲೇ ನಾನು. ಎಂಥ ದಡ್ಡ! ಊರೆಲ್ಲ ರುಚಿ ಹುಡುಕ್ಕೊಂಡು ಅಲೆದೆ, ನೀನು ಮನೇಲೇ ಇದ್ದೆ" ಅಂದಿದ್ದರು. ಅವರ ಕಣ್ಣಲ್ಲಿ ನೀರಿತ್ತು. ಆ ಒಂದು ಮಾತಿನ ಬಲದ ಮೇಲೆ ನಾನು ಇನ್ನೊಂದು ಜನ್ಮ ಬದುಕುತ್ತಿದ್ದೆ.

ನಿನ್ನೆ ಧೈರ್ಯ ಮಾಡಿ ಕೇಳಿದೆ, "ರೈಲಲ್ಲಿ ನನಗೊಂದು ಮಾತು ಹೇಳಿದ್ರಿ, ನೆನಪಿದ್ಯಾ?" ಎಂದು. ಪೇಪರು ಮಡಿಸಿಟ್ಟು ಬಹಳ ಹೊತ್ತು ಯೋಚಿಸಿದರು. ಆಮೇಲೆ ಬಲು ಮರ್ಯಾದೆಯಿಂದ, "ಆ ದಿನಗಳಲ್ಲಿ ನಾನು ಬಾಯಿಗೆ ಬಂದದ್ದೆಲ್ಲ ಮಾತಾಡಿದ್ದೀನಂತೆ. ನಿನಗೂ ಏನಾದ್ರೂ ಅಂದಿದ್ರೆ ಮನಸ್ಸಲ್ಲಿ ಇಟ್ಕೋಬೇಡ, ಕ್ಷಮಿಸಿಬಿಡು. ಅದು ನಾನಲ್ಲ" ಅಂದರು.

"ಅಂಥದ್ದೇನೂ ಹೇಳ್ಲಿಲ್ಲ ಬಿಡಿ ನೀವು," ಅಂದೆ.